ವಿದೇಶಕ್ಕೆ ಹೊರಟವರಿಗೆ ಮಾಕ್ ಇಂಟರ್‌ವ್ಯೂ ಸೇವೆ: ಎಷ್ಟು ಉಪಯೋಗ?

ಕೆಲಸದ ಸಂದರ್ಶನಕ್ಕೆ ಮುಂಚೆ ತರಬೇತುದಾರರ ಎದುರು ಮಾಡುವ ಅಣಕು ಸಂದರ್ಶನವೇ ಮಾಕ್ ಇಂಟರ್‌ವ್ಯೂ. ಮಾತು ತಡವರಿಸದಂತೆ ಅಭ್ಯಾಸ ಮಾಡಿಸುವುದರಲ್ಲಿ ಈ ಸೇವೆ ನಿಜಕ್ಕೂ ಚೆನ್ನಾಗಿದೆ. ಆದರೆ ‘ಮುಂದೆ ವಿದೇಶಕ್ಕೆ ಹೋಗುವುದನ್ನು ಇಲ್ಲಿ ಕೆಲಸ ಕೊಡುವ ಕಂಪನಿಗೆ ಹೇಳಬೇಕೇ?’ ಎಂದು ಕೇಳಿದರೆ ಕೆಲವು ತರಬೇತುದಾರರು ‘ಬಾಯಿ ಬಿಡಬೇಡಿ’ ಎಂದು ಮುಗಿಸಿಬಿಡುತ್ತಾರೆ. ಅದು ಅರ್ಧ ಸಲಹೆ. ಬರೀ ಯೋಚನೆ ಇದ್ದರೆ ಸುಮ್ಮನಿರಬಹುದು. ವೀಸಾ ಕೈಗೆ ಬಂದು ಹೊರಡುವ ತಿಂಗಳೂ ಗೊತ್ತಿದ್ದರೆ ಆಫರ್ ಲೆಟರ್ ಬಂದ ಮೇಲೆ, ಸಹಿಗೆ ಮುಂಚೆ ಹೇಳುವುದೇ ಸರಿ. ನೇರವಾಗಿ ಕೇಳಿದರಂತೂ ಸುಳ್ಳು ಬೇಡವೇ ಬೇಡ.

ಜಾಯಿನಿಂಗ್ ಬೋನಸ್ ವಾಪಸಾತಿ, ತರಬೇತಿ ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು), ನೋಟಿಸ್ ಅವಧಿ ಇವನ್ನು ನಿಮ್ಮದೇ ಆಫರ್ ಲೆಟರ್ ಮುಂದಿಟ್ಟುಕೊಂಡು ಓದಿಸುವವರಿಗೆ ಮಾತ್ರ ಹಣ ಕೊಡಿ. ‘ಅಲ್ಲಿಂದಲೇ ಕೆಲಸ ಮಾಡ್ತೀನಿ’ ಎಂಬ ಉತ್ತರ ಕಲಿಸುವವರನ್ನು ನಂಬಬೇಡಿ. ನೀವು ಬೇರೆ ದೇಶದಲ್ಲಿ ಕೂತು ದುಡಿದರೆ ಕಂಪನಿಗೆ ಅಲ್ಲಿನ ತೆರಿಗೆ, ಪೇರೋಲ್ (ಸಂಬಳ ಪಾವತಿ) ತೊಡಕು ಸುತ್ತಿಕೊಳ್ಳಬಹುದು. ಎಚ್‌ಆರ್‌ನವರು ಸುಲಭಕ್ಕೆ ಒಪ್ಪುವುದಿಲ್ಲ.