ಟ್ರೈಲರ್‌ನಲ್ಲಿ ಮನೆ ಫ್ರಿಜ್: ಯಾವ ಬ್ಯಾಟರಿ ತಾಳಿಕೊಂಡಿತು?

ನಮ್ಮ ಟ್ರಾವೆಲ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟಿ ಎಳೆಯುವ ಮನೆ) ಜೊತೆ ಬಂದದ್ದು ಪ್ರೊಪೇನ್ ಗ್ಯಾಸಿನ ಫ್ರಿಜ್. ಸದ್ದಿಲ್ಲ, ಬ್ಯಾಟರಿಗೂ ಭಾರವಿಲ್ಲ. 20 ಪೌಂಡಿನ ಸಿಲಿಂಡರ್ ವಾರದ ಮೇಲೆ ಬರುತ್ತಿತ್ತು. ಆದರೆ ಗಾಡಿ ಸಮತಟ್ಟಾಗಿ ನಿಲ್ಲಲೇಬೇಕು, ವಾಲಿದರೆ ಅದರ ಕೂಲಿಂಗ್ ಯೂನಿಟ್ಟೇ ಕೆಡುತ್ತದೆ. ಅರಿಜೋನಾದ ಮೇ ಬಿಸಿಲಿಗೆ ಅದು ಸೋತೇ ಹೋಯಿತು. ದೋಸೆ ಹಿಟ್ಟು ಒಳಗೇ ಉಕ್ಕಿ ಕೆಳಗಿನ ತಟ್ಟೆಗೆ ಇಳಿದಿತ್ತು. ಅದನ್ನು ಒರೆಸುತ್ತಲೇ ಹೆಂಡತಿ ಹೇಳಿದಳು, "ಮನೇಲಿರೋ ಥರದ್ದೇ ಒಂದು ಹಾಕಿಸ್ರೀ."

ಹಾಕಿಸಿದೆವು. 10 ಘನ ಅಡಿಯ ಮಾಮೂಲಿ ಫ್ರಿಜ್, ಜೊತೆಗೆ ಬ್ಯಾಟರಿ ಕರೆಂಟನ್ನು ಮನೆ ಕರೆಂಟಿನಂತೆ ಮಾಡಿಕೊಡುವ 2000 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್. ಮನೆಯಲ್ಲಿ ಪ್ಲಗ್ ಮೀಟರ್ ಹಾಕಿ ನೋಡಿದಾಗ ದಿನಕ್ಕೆ 1.1 ಯೂನಿಟ್. ಇಷ್ಟೇನಾ ಅನ್ನಿಸಿತು.

ಮೊದಲು ಗಾಲ್ಫ್ ಕಾರ್ಟಿನ 6 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ ಎರಡು ಜೋಡಿಸಿ 12 ವೋಲ್ಟ್ ಮಾಡಿದೆ. ಲೆಕ್ಕಕ್ಕೆ 220 ಆಂಪ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಅನ್ನೋ ಅಳತೆ). ಅರ್ಧಕ್ಕಿಂತ ಕೆಳಗಿಳಿಸಿದರೆ ಬಾಳಿಕೆ ಬರೋದಿಲ್ಲ, ಹಾಗಾಗಿ ಕೈಗೆ ಸಿಗುವುದು 110. ಸಂಜೆ ತುಂಬಿದ್ದ ಬ್ಯಾಟರಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಅರ್ಧಕ್ಕೆ ಬಂದಿತ್ತು. ಆ ದಿನ ಮೋಡ ಬೇರೆ, ಸೋಲಾರ್ ಚಾರ್ಜೂ ಅಷ್ಟಕ್ಕಷ್ಟೇ. ತಪ್ಪು ಫ್ರಿಜ್‌ನದ್ದೊಂದೇ ಅಲ್ಲ. ಇನ್ವರ್ಟರ್ ಸುಮ್ನೆ ಆನ್ ಆಗಿದ್ದರೂ 20 ವ್ಯಾಟ್ ತಿನ್ನುತ್ತದೆ, ದಿನಕ್ಕೆ ಅರ್ಧ ಯೂನಿಟ್ ಹತ್ತಿರ! ಎಲ್ಲಾ ಸೇರಿ 1.6 ಯೂನಿಟ್, ಅಂದರೆ ಸುಮಾರು 130 ಆಂಪ್ ಅವರ್. ಇದರ ನಡುವೆ ಮಂಜು ಕರಗಿಸುವ ಹೀಟರ್ ಆನ್ ಆದಾಗ ಮೀಟರ್ ಒಮ್ಮೆಲೇ 350 ವ್ಯಾಟ್ ದಾಟುತ್ತಿತ್ತು. ಮೊದಲ ಸಲ ನೋಡಿದಾಗ ಎಲ್ಲೋ ಶಾರ್ಟ್ ಆಗಿದೆ ಅಂದುಕೊಂಡು ಓಡಿದ್ದೆ.

ಇನ್ವರ್ಟರ್ ರಾತ್ರಿ ನಾಲ್ಕು ಗಂಟೆ ಕಾಲ ಆರಿಸಿಯೂ ನೋಡಿದೆ. ಬೆಳಗ್ಗೆ ಕಂಪ್ರೆಸರ್ ಅಷ್ಟೂ ಸಾಲ ತೀರಿಸಿಕೊಂಡಿತು. ಉಳಿತಾಯ ಆದದ್ದು ಇನ್ವರ್ಟರ್‌ನ ಖಾಲಿ ಖರ್ಚು ಮಾತ್ರ.

ಆಮೇಲೆ 100 ಆಂಪ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎರಡು ತಂದೆ. ಬರೆದಿರೋದು ಕಮ್ಮಿ, ಸಿಗೋದು ಜಾಸ್ತಿ. ಬಹುಪಾಲು ಪೂರ್ತಿಯೇ ಬಳಸಬಹುದು. ತೂಕವೂ ಲೆಡ್ ಆಸಿಡ್‌ನ ಅರ್ಧಕ್ಕಿಂತ ಕಡಿಮೆ. ಬಿಸಿಲೇ ಇಲ್ಲದಿದ್ದರೂ ಒಂದು ದಿನ ನಿರಾಳ, ದೀಪ, ಫ್ಯಾನು ಸೇರಿ. 400 ವ್ಯಾಟ್ ಸೋಲಾರ್ ಇದ್ದರೆ ಒಳ್ಳೆ ಬಿಸಿಲಿನ ದಿನ ಖರ್ಚಾದದ್ದು ಹೆಚ್ಚುಕಡಿಮೆ ವಾಪಸ್. ಒಂದೇ ಕಿರಿಕಿರಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು. ಮರುಭೂಮಿ ರಾತ್ರಿಯ ಚಳಿಗೆ ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಿಂದ ಮಂಚದ ಕೆಳಗೆ ತಂದಿಟ್ಟೆವು.

ಗೆಳೆಯನ ಟ್ರೈಲರ್‌ನಲ್ಲಿ 12 ವೋಲ್ಟ್ ಕಂಪ್ರೆಸರ್ ಫ್ರಿಜ್ ಇದೆ. ಒಂದು ವಾರ ಬಳಸಿದೆ. ಇನ್ವರ್ಟರ್ ಬೇಡ, ದಿನಕ್ಕೆ 55 ಆಂಪ್ ಅವರ್ ಸಾಕು. ಹೊಟ್ಟೆಕಿಚ್ಚಾಯಿತು, ನಿಜ. ಹೊಸದಾಗಿ ಕೊಳ್ಳುವವರು ಅದನ್ನೇ ಕೊಳ್ಳಿ. ನಾನು ಆಗಲೇ ದುಡ್ಡು ಸುರಿದಾಗಿದೆ, ಅಲ್ವಾ? ಮನೆ ಫ್ರಿಜ್ಜೇ ಇರಲಿ ಅಂತ ಬಿಟ್ಟೆ. ಗಾಡಿ ಹೊರಡುವ ಮುಂಚೆ ಬಾಗಿಲಿಗೆ ಪಟ್ಟಿ ಬಿಗಿಯೋದು ಮಾತ್ರ ಮರೆಯಲ್ಲ. ಒಮ್ಮೆ ಮರೆತಾಗ ಸಾರಿನ ಡಬ್ಬಿ ನೆಲಕ್ಕೆ ಬಿದ್ದಿತ್ತು.