ಮಿಯಾಟಾಗೆ ಯಾವ ಆಯಿಲ್? 20ಡಬ್ಲ್ಯು-50, 10ಡಬ್ಲ್ಯು-30, 5ಡಬ್ಲ್ಯು-40 ಮೂರನ್ನೂ ಹಾಕಿ ನೋಡಿದೆ

ನನ್ನದು 1992ರ ಮಜ್ದಾ ಮಿಯಾಟಾ. 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್, ಎರಡೇ ಸೀಟು. ಮನೆ ಇರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ದಿನಾ ಆಫೀಸಿಗೆ ಇದೇ ಕಾರು. ವರ್ಷಕ್ಕೆ ಮೂರು ನಾಲ್ಕು ಸಲ ವಿಲೋಸ್ ಊರಿನ ಥಂಡರ್‌ಹಿಲ್ ಟ್ರ್ಯಾಕಿಗೂ ಹೋಗುತ್ತೇನೆ. ಎರಡು ವರ್ಷದಲ್ಲಿ ಮೂರು ಥರದ ಆಯಿಲ್ ಹಾಕಿ ಓಡಿಸಿದೆ. ಆಯಿಲ್ ಹೆಸರಲ್ಲಿ ಡಬ್ಲ್ಯುಗಿಂತ ಮೊದಲಿನ ಅಂಕಿ ಚಳಿಗೆ ಸಂಬಂಧಿಸಿದ್ದು, ಅದು ಕಡಿಮೆ ಇದ್ದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತೆ. ಆಮೇಲಿನ ಅಂಕಿ, ಇಂಜಿನ್ ಕಾದಾಗ ಆಯಿಲ್ ಎಷ್ಟು ದಪ್ಪ ಅನ್ನೋದು.

ಆಯಿಲ್ ಹೋಲಿಸಿ ನೋಡಲು ಈ ಕಾರು ಹೇಳಿ ಮಾಡಿಸಿದ ಹಾಗಿದೆ. ಇದರ ಇಂಜಿನ್ನಿನ ಮೇಲ್ಭಾಗದಲ್ಲಿ 16 ಹೈಡ್ರಾಲಿಕ್ ಲಿಫ್ಟರ್‌ಗಳಿವೆ, ಅಂದರೆ ವಾಲ್ವ್‌ಗಳನ್ನು ಒತ್ತುವ, ಆಯಿಲ್ ತುಂಬಿಕೊಳ್ಳುವ ಸಣ್ಣ ಭಾಗಗಳು. ಒಳಗೆ ಆಯಿಲ್ ತುಂಬಿಕೊಂಡಿದ್ದರೆ ಅವು ಸುಮ್ಮನಿರುತ್ತವೆ. ತುಂಬದಿದ್ದರೆ ಹೊಲಿಗೆ ಮಿಷನ್ ಹಾಗೆ ಟಕಟಕ ಅಂತ ಬಡಿಯುತ್ತವೆ. ಅಂದರೆ ಆಯಿಲ್ ಮೇಲಕ್ಕೆ ಎಷ್ಟು ಬೇಗ ಹೋಯಿತು ಅನ್ನೋದು ಕಿವಿಗೇ ಗೊತ್ತಾಗುತ್ತೆ. ಜೊತೆಗೆ 1994ರವರೆಗಿನ ಮಿಯಾಟಾಗಳಲ್ಲಿ ಆಯಿಲ್ ಪ್ರೆಶರ್ ಗೇಜ್ ನಿಜವಾದದ್ದು. 1995ರಿಂದ ಬಂದವುಗಳಲ್ಲಿ ಮುಳ್ಳು ಸುಮ್ನೆ ನಡುವೆ ನಿಲ್ಲುತ್ತೆ. ಅದನ್ನು ನೋಡಿ ಏನನ್ನೂ ತೀರ್ಮಾನ ಮಾಡಬೇಡಿ.

ಮೊದಲು ಹಾಕಿದ್ದು 20ಡಬ್ಲ್ಯು-50. ಊರಲ್ಲಿ ಅಪ್ಪನ ಹಳೇ ಬುಲೆಟ್‌ಗೆ ಅದೇ ಆಯಿಲ್. ದಪ್ಪ ಆಯಿಲ್ ಇದ್ದರೆ ಇಂಜಿನ್ ಜಾಸ್ತಿ ಬಾಳಿಕೆ ಬರುತ್ತೆ ಅಂತ ಕೇಳಿಯೇ ಬೆಳೆದವನು ನಾನು. ಬೇಸಿಗೆಯಲ್ಲಿ ಅದೂ ನಿಜ ಅನ್ನಿಸಿತು. ಇಂಜಿನ್ ಚೆನ್ನಾಗಿ ಕಾದ ಮೇಲೂ ಐಡಲಿಂಗ್‌ನಲ್ಲಿ ಗೇಜ್ 30 ಪಿಎಸ್‌ಐ ಹತ್ತಿರ ಇರುತ್ತಿತ್ತು. ಡಿಸೆಂಬರ್ ಬಂದಾಗ ವಿಷಯ ಬೇರೆಯಾಯಿತು. ಬೆಳಗ್ಗೆ 4 ಡಿಗ್ರಿ ಚಳಿ. ಸ್ಟಾರ್ಟ್ ಮಾಡಿದರೆ ಎರಡೂವರೆ ನಿಮಿಷ ಟಕಟಕ ನಿಲ್ಲಲೇ ಇಲ್ಲ.

ಆ ಹೊತ್ತಿನಲ್ಲೂ ಗೇಜ್ ಮಾತ್ರ 60 ದಾಟಿತ್ತು! ಪ್ರೆಶರ್ ಇಷ್ಟಿದೆ, ಮತ್ತೆ ಸದ್ದು ಯಾಕೆ ಅಂತ ತುಂಬಾ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ಅರ್ಥವಾಯಿತು. ಪ್ರೆಶರ್ ಜಾಸ್ತಿ ಇದ್ದರೆ ಆಯಿಲ್ ಜಾಸ್ತಿ ಹರಿಯುತ್ತಿದೆ ಅಂತ ಅಲ್ಲ. ತಣ್ಣಗಿರುವ ದಪ್ಪ ಆಯಿಲ್ ಸಣ್ಣ ದಾರಿಗಳಲ್ಲಿ ನುಗ್ಗಲಾರದೆ ತಡೆದು ನಿಲ್ಲುತ್ತೆ. ಅದಕ್ಕೇ ಪ್ರೆಶರ್ ಏರುತ್ತೆ. ಮಿತಿ ಮೀರಿದಾಗ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲನ್ನು ವಾಪಸ್ ಕಳಿಸುತ್ತೆ. ಮೇಲಿರುವ ಲಿಫ್ಟರ್‌ಗಳು ಕಾಯುತ್ತಾ ಕೂರುತ್ತವೆ. ಇಂಜಿನ್ ತಿರುಗಿಸುವ ಚಳಿ ಪರೀಕ್ಷೆಯನ್ನು 20ಡಬ್ಲ್ಯು ಆಯಿಲ್‌ಗೆ ಮೈನಸ್ 15 ಡಿಗ್ರಿಯಲ್ಲಿ ಮಾಡುತ್ತಾರೆ, 5ಡಬ್ಲ್ಯುಗೆ ಮೈನಸ್ 30ರಲ್ಲಿ. ನಮ್ಮಲ್ಲಿ ಅಂಥ ಚಳಿ ಇಲ್ಲ, ನಿಜ. ಆದರೂ 4 ಡಿಗ್ರಿಯಲ್ಲೇ ಆ ವ್ಯತ್ಯಾಸ ಕಿವಿಗೆ ಬಿತ್ತು.

ಆಮೇಲೆ 10ಡಬ್ಲ್ಯು-30. ಮ್ಯಾನುಯಲ್ ಹೇಳುವುದೂ ಇದನ್ನೇ. ಸದ್ದು ಅರ್ಧ ನಿಮಿಷಕ್ಕೆ ಇಳಿಯಿತು. ಇಂಜಿನ್ ಹಗುರಾಗಿ ತಿರುಗುತ್ತಿತ್ತು. ಆಫೀಸಿನ ಓಡಾಟಕ್ಕೆ ಯಾವ ಕೊರತೆಯೂ ಇಲ್ಲ.

ಟ್ರ್ಯಾಕಿನಲ್ಲಿ ಮಾತ್ರ ನನಗೆ ಧೈರ್ಯ ಸಾಲಲಿಲ್ಲ. ಜುಲೈ ತಿಂಗಳು, 40 ಡಿಗ್ರಿ ಬಿಸಿಲು. ಇಪ್ಪತ್ತು ನಿಮಿಷ ಜೋರಾಗಿ ಓಡಿಸಿ ಪಿಟ್‌ಗೆ ಬಂದು ನಿಂತಾಗ ಐಡಲಿಂಗ್‌ನಲ್ಲಿ ಗೇಜ್ 12ರ ಆಸುಪಾಸಿಗೆ ಬಂದಿತ್ತು. ಇಂಜಿನ್‌ಗೆ ಏನೂ ಆಗಲಿಲ್ಲ. ಆದರೆ ಆ ಮುಳ್ಳು ನೋಡಿಕೊಂಡು ಮತ್ತೆ 7,000 ಆರ್‌ಪಿಎಮ್‌ಗೆ ಏರಿಸಲು ಮನಸ್ಸು ಬರಲಿಲ್ಲ. 30ರ ಆಯಿಲ್ ಅಂದರೆ 100 ಡಿಗ್ರಿಯಲ್ಲಿ ಅದರ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ. 40ರದ್ದು 12.5ರಿಂದ 16.3. ಟ್ರ್ಯಾಕಿನಲ್ಲಿ ಆಯಿಲ್ 100 ಡಿಗ್ರಿ ದಾಟಿ ಹೋಗುತ್ತೆ, ಆಗ ಇನ್ನೂ ತೆಳುವಾಗುತ್ತೆ, ಅಲ್ವಾ? ಬೇರಿಂಗ್‌ಗಳ ನಡುವೆ ಉಳಿಯುವ ಆಯಿಲ್ ಪದರವೇ ಅಲ್ಲಿ ಮುಖ್ಯ.

ಮೂರನೆಯದು 5ಡಬ್ಲ್ಯು-40 ಸಿಂಥೆಟಿಕ್. ನಾನು ತಂದಿದ್ದು ಶೆಲ್ ರೊಟೆಲ್ಲಾ ಟಿ6. ಅದು ಡೀಸೆಲ್ ಟ್ರಕ್ಕುಗಳಿಗೆ ಅಂತ ಮಾರುವ ಆಯಿಲ್, ಆದರೆ ಹಳೇ ಮಿಯಾಟಾ ಇಟ್ಟುಕೊಂಡವರಿಗೆ ಇದು ಬಹಳ ಪರಿಚಯ. ಈ ಇಂಜಿನ್‌ಗೆ ಫಿಲ್ಟರ್ ಸೇರಿ ಸುಮಾರು 3.6 ಲೀಟರ್ ಬೇಕು. ಒಂದು ಗ್ಯಾಲನ್ ಕ್ಯಾನು ಸರಿಹೋಗುತ್ತೆ. ಮೊದಲ ವಾರ ದೊಡ್ಡ ಬದಲಾವಣೆ ಕಾಣಲಿಲ್ಲ. ಎರಡು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಕೀ ತಿರುಗಿಸಿದೆ. ಮೂರು ನಾಲ್ಕು ಸೆಕೆಂಡು ಟಕಟಕ, ಆಮೇಲೆ ನಿಶ್ಶಬ್ದ. ಎಷ್ಟು ಖುಷಿಯಾಯಿತು ಅಂದರೆ ಹೆಂಡತಿಯನ್ನು ಕರೆದು ಕೇಳಿಸಿದೆ. ಮುಂದಿನ ಬೇಸಿಗೆ ಅದೇ ಟ್ರ್ಯಾಕಿನಲ್ಲಿ, ಅಂಥದ್ದೇ ಬಿಸಿಲಲ್ಲಿ, ಪಿಟ್‌ಗೆ ಬಂದಾಗ ಗೇಜ್ 20ರ ಮೇಲೇ ಇತ್ತು. ಬೆಲೆ 10ಡಬ್ಲ್ಯು-30ಕ್ಕಿಂತ ಜಾಸ್ತಿ, ಅಷ್ಟೇ.

ಹಾಗಾಗಿ ನನ್ನ ಕಾರಿನಲ್ಲಿ ಈಗ ಇರುವುದು 5ಡಬ್ಲ್ಯು-40. ಟ್ರ್ಯಾಕಿಗೆ ಹೋಗದಿದ್ದರೆ 10ಡಬ್ಲ್ಯು-30ರಲ್ಲೇ ಇರುತ್ತಿದ್ದೆ. 20ಡಬ್ಲ್ಯು-50 ಮಾತ್ರ ಈ ಇಂಜಿನ್‌ಗೆ ಮತ್ತೆ ಹಾಕಲ್ಲ. ಬೆಂಗಳೂರಿನಲ್ಲಿರುವ ತಮ್ಮ ತನ್ನ ಕಾರಿಗೂ ಇದನ್ನೇ ಹಾಕಲಾ ಅಂತ ಕೇಳಿದ. ಬೇಡ, ಮೊದಲು ಮ್ಯಾನುಯಲ್ ನೋಡು ಅಂದೆ. ಬೆಂಗಳೂರಿನ ಚಳಿಗೆ ಡಬ್ಲ್ಯುಗಿಂತ ಮೊದಲಿನ ಅಂಕಿಯ ಚಿಂತೆ ಅಷ್ಟಾಗಿ ಇಲ್ಲ. ಆಮೇಲಿನ ಅಂಕಿಯನ್ನು ಇಂಜಿನ್ ಕಟ್ಟಿದವರೇ ಹೇಳಬೇಕು. ಟೊಯೋಟಾ ಜಿಆರ್86 ಥರದ ಹೊಸ ಕಾರುಗಳಿಗೆ 0ಡಬ್ಲ್ಯು-20 ಹೇಳಿರುತ್ತಾರೆ. ನನ್ನ ಮೂವತ್ತು ವರ್ಷ ದಾಟಿದ ಇಂಜಿನ್ನಿನ ಲೆಕ್ಕ ಅಲ್ಲಿ ನಡೆಯಲ್ಲ.

ಮಿಯಾಟಾ ಇರುವವರಿಗೆ ಇನ್ನೊಂದು ಮಾತು. ಆಯಿಲ್ ಫಿಲ್ಟರ್ ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿ ಕೂತಿದೆ, ಮೇಲಿಂದ ಕೈ ಹೋಗುವುದೇ ಕಷ್ಟ. ಕಾರನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಬಲಗಡೆ ಚಕ್ರ ಬಿಚ್ಚಿ, ಆ ಕಡೆಯಿಂದ ಕೈ ಹಾಕಿ. ಇಂಜಿನ್ ಸ್ವಲ್ಪ ಆರಿರಲಿ.