ಹಗಲಲ್ಲಿ ಎರಿ ನೋಡದೆ ಜೇನು ಪೆಟ್ಟಿಗೆ ತಗೋಬೇಡಿ

ಶಿರಸಿ ಕಡೆ ಈ ವರ್ಷ ಹೊಸದಾಗಿ ಜೇನು ಸಾಕಲು ಹೊರಟವರು ದಯವಿಟ್ಟು ಓದಿ. ಸಂಸಾರ (ರಾಣಿ, ನೊಣ ಎಲ್ಲ ಸೇರಿದ ಗುಂಪು) ಸಮೇತ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಟಿ ಜೇನು) ಪೆಟ್ಟಿಗೆ ಅಂತ ಹೇಳಿ ನನಗೆ ರಾಣಿಯೇ ಇಲ್ಲದ ಪೆಟ್ಟಿಗೆ ಮಾರಿದ್ದಾರೆ. ಎರಡು ಪೆಟ್ಟಿಗೆ. ಎರಡರಲ್ಲೂ ರಾಣಿ ಇಲ್ಲ!

ಪೆಟ್ಟಿಗೆ ಸಾಗಿಸುವುದು ಕತ್ತಲಾದ ಮೇಲೆಯೇ, ಆಗ ನೊಣಗಳೆಲ್ಲ ಒಳಗಿರುತ್ತವೆ. ಅದು ಸರಿ. ಆದರೆ ಹಗಲಲ್ಲಿ ಬರುತ್ತೇನೆ, ಒಮ್ಮೆ ಎರಿ (ಮೊಟ್ಟೆ, ಮರಿ ಇರುವ ಮೇಣದ ಕೋಶಗಳ ಹಲಗೆ) ತೋರಿಸಿ ಅಂದಾಗಲೂ ಅವರು ಒಪ್ಪಲಿಲ್ಲ. ಮೇಲಿಂದ "ತಿಂಗಳು ಮುಚ್ಚಳ ಮುಟ್ಟಬೇಡ ತಮಾ, ಹಾರಿ ಹೋಗ್ತವೆ" ಅಂತ ಹೆದರಿಸಿದರು. ಯಾಕೆ ಅಂತ ಈಗ ಗೊತ್ತಾಯಿತು.

ವಾರದ ನಂತರ, ಹಳೇ ಜೇನು ಸಾಕಣೆಯವರಾದ ಪಕ್ಕದ ಮನೆ ಅಣ್ಣ ಬಂದು ಎರಿ ಎತ್ತಿ ಬಿಸಿಲಿಗೆ ಹಿಡಿದರು. ಒಂದೊಂದು ಕೋಶದಲ್ಲಿ ಎರಡು ಮೂರು ಮೊಟ್ಟೆ, ಅದೂ ತಳದಲ್ಲಲ್ಲ, ಗೋಡೆಗೆ ಅಂಟಿಕೊಂಡು. ಮುಚ್ಚಿದ ಕೋಶಗಳೆಲ್ಲ ಉಬ್ಬಿದ್ದವು, ನೆತ್ತಿಯಲ್ಲಿ ಸೂಜಿಮೊನೆಯಷ್ಟು ತೂತು. ಬರೀ ಗಂಡು ಮರಿ. ರಾಣಿ ಇಲ್ಲದಾಗ ಕೆಲಸಗಾರ ನೊಣಗಳೇ ಮೊಟ್ಟೆ ಇಡುತ್ತವೆ, ಅದರಲ್ಲಿ ಗಂಡು ಮಾತ್ರ ಹುಟ್ಟುತ್ತದೆ. ಅಣ್ಣ ಏನೂ ಹೇಳದೆ ಎರಿ ವಾಪಸ್ ಇಟ್ಟರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಮಾರಿದವರಿಗೆ ಫೋನ್ ಮಾಡಿದೆ. "ಗಾಡಿ ಕುಲುಕಿ ರಾಣಿ ಸತ್ತಿರಬೇಕು." ಎರಡರಲ್ಲೂ ಸತ್ತಿತಾ? "ನಿಂಗೆ ಹೊಸತು, ರಾಣಿ ಗುರುತು ಸಿಕ್ಕಲ್ಲ." ಫೋಟೊ ಕಳಿಸಿದೆ. "ನೊಣ ಕೊಟ್ಟಿದ್ದೇನಲ್ಲ, ರಾಣಿಗೆ ಗ್ಯಾರಂಟಿ ಎಲ್ಲಿ ಕೊಟ್ಟಿದ್ದೆ?" ಗ್ಯಾರಂಟಿ ಅಂತೆ! ರಾಣಿ ಇಲ್ಲದೆ ಸಂಸಾರ ಅಂತ ಯಾರು ಹೇಳುತ್ತಾರೆ? ಹೊಸ ಮೊಟ್ಟೆ ಇರುವ ಒಂದು ಎರಿಯಾದರೂ ಕೊಡಿ, ನೊಣಗಳು ರಾಣಿ ಮಾಡಿಕೊಳ್ಳುತ್ತವಾ ನೋಡುತ್ತೇನೆ ಅಂತ ಕೇಳಿದೆ. ಆಮೇಲೆ ಫೋನೇ ಎತ್ತಲಿಲ್ಲ.

ದಾರಿಯಲ್ಲಿ ಸತ್ತಿತು ಅನ್ನುವುದು ಶುದ್ಧ ಸುಳ್ಳು. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಹೆಚ್ಚುಕಡಿಮೆ 20 ದಿನ ಬೇಕು. ರಾಣಿ ಹೋಗಿ ಒಂದೇ ವಾರ ಆಗಿದ್ದರೆ ಅದು ಇಟ್ಟ ಮೊಟ್ಟೆಯ ಕೆಲಸಗಾರ ಮರಿ ಚಪ್ಪಟೆಯಾಗಿ ಮುಚ್ಚಿದ ಕೋಶಗಳಲ್ಲಿ ಇನ್ನೂ ಇರಬೇಕಿತ್ತು. ಒಂದೇ ಒಂದು ಇರಲಿಲ್ಲ. ಅಂದರೆ ಮಾರುವಾಗಲೇ ಅವರಿಗೆ ಗೊತ್ತಿತ್ತು.

1990ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ, ಜೇನು ಮರಿಗಳನ್ನು ಕೊಲ್ಲುವ ವೈರಸ್ ರೋಗ ಬಂದು ತುಡುವೆ ಸಂಸಾರಗಳು ಸಾಲುಸಾಲಾಗಿ ಸತ್ತಾಗಲೂ ಜೇನು ಬಿಡದೆ ಮತ್ತೆ ಕಟ್ಟಿದವರು ನಮ್ಮಲ್ಲಿದ್ದಾರೆ. ಅಂಥ ಊರಲ್ಲಿ ಹೀಗೆ ವ್ಯಾಪಾರ ಮಾಡುವುದಾ?

ಹಗಲಲ್ಲೇ ಹೋಗಿ, ಎರಿ ಎತ್ತಿಸಿ. ಕೋಶಕ್ಕೆ ಒಂದೇ ಮೊಟ್ಟೆ, ತಳದಲ್ಲೇ ಇರಬೇಕು. ಮುಚ್ಚಿದ ಮರಿ ಹೆಚ್ಚಿನವು ಚಪ್ಪಟೆಯಾಗಿರಬೇಕು. ಬಿಚ್ಚಲು ಒಪ್ಪದವರಿಗೆ ಮುಂಗಡ ಒಂದು ರೂಪಾಯಿನೂ ಕೊಡಬೇಡಿ. ನನ್ನ ದುಡ್ಡು ಇನ್ನೂ ವಾಪಸ್ ಬಂದಿಲ್ಲ.